ತೂಬಿಗೆ ಹೊಗೆ ಹಾಕಿದ ಮಳೆಗಾಲ

ಹೋದ ಶುಕ್ರವಾರ ಸಂಜೆ ನಮ್ಮ ಅತ್ತೆ ನನ್ನ ಮಗಳಿಗೆ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಕೊಳ್ಳೇಗಾಲದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಚಿಕ್ಕದು. ನೋಡನೋಡುತ್ತಲೇ ಘಾಟು ಮನೆಯೆಲ್ಲ ತುಂಬಿತು. ಮಗಳು ಕೆಮ್ಮುತ್ತಾ ನಗುತ್ತಿದ್ದಳು. ನಾನು ಮಾತ್ರ ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಬಂದು ನಿಂತುಬಿಟ್ಟಿದ್ದೆ. ಎದುರು ಮನೆಯಾಕೆ, "ಯಾಕ್ರೀ ಸುಮಾ, ಏನಾಯ್ತು?" ಎಂದು ಕೇಳಿದರು. "ಘಾಟು ಕಣ್ರೀ" ಎಂದೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲವನ್ನು ಬೀದಿಯಲ್ಲಿ ನಿಂತು ಹೇಳುವುದಾದರೂ ಹೇಗೆ?

ಆ ವರ್ಷ ನಾನು ಬಾವಲಿಗಳ ಕೆಲಸಕ್ಕೆ ಸೇರಿದ್ದೆ. ಪ್ರಾಣಿಶಾಸ್ತ್ರ ಓದಿ, ಒಂದು ಕಾಲೇಜಿನಲ್ಲಿ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ, ಪ್ರತಿ ಬೇಸಿಗೆಯಲ್ಲೂ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ಕಾದು ಸುಸ್ತಾಗಿತ್ತು. ಅಷ್ಟರಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯ, ಜಪಾನಿನ ಒಂದು ಪ್ರಯೋಗಾಲಯ ಮತ್ತು ಬೆಂಗಳೂರಿನ ಒಂದು ಸಂಸ್ಥೆ ಸೇರಿ ನಡೆಸುವ ಸಂಶೋಧನೆಗೆ ನಮ್ಮ ಕಡೆಯವರೊಬ್ಬರು ಬೇಕಾಗಿದ್ದಾರೆ ಎಂದು ತಿಳಿಯಿತು. ಅರ್ಜಿ ಹಾಕಿದೆ, ಸಿಕ್ಕಿತು.

ಅವರು ತಿಳಿಯಲು ಹೊರಟಿದ್ದ ಸಂಗತಿ ಕೇಳಲು ಸರಳ. ಬಾವಲಿ ಕತ್ತಲಲ್ಲಿ ಕೂಗು ಹಾಕುತ್ತದೆ. ಆ ಕೂಗು ನಮ್ಮ ಕಿವಿಗೆ ಎಟುಕದಷ್ಟು ಎತ್ತರದ, ಕೀಚಲು ದನಿಯದು. ಅದು ಗೋಡೆಗೋ ಹುಳಕ್ಕೋ ಬಡಿದು ಮರಳಿ ಬಂದಾಗ ಬಾವಲಿಗೆ ದಾರಿ ತಿಳಿಯುತ್ತದೆ. ಆದರೆ ಒಂದೇ ಇಕ್ಕಟ್ಟಿನ ಜಾಗದಲ್ಲಿ ನೂರಾರು ಬಾವಲಿಗಳು ಒಟ್ಟಿಗೆ ಕೂಗುವಾಗ, ಅಷ್ಟು ಗದ್ದಲದಲ್ಲಿ ತನ್ನ ಕೂಗಿನ ಮಾರ್ದನಿಯನ್ನೇ ಒಂದು ಬಾವಲಿ ಗುರುತು ಹಿಡಿಯುವುದು ಹೇಗೆ? ಜಪಾನಿನ ಗವಿಗಳಲ್ಲಿರುವ ಬಾವಲಿಗಳನ್ನೂ ನಮ್ಮ ಕಡೆಯ ಎಲೆಮೂಗಿನ ಬಾವಲಿಗಳನ್ನೂ ಹೋಲಿಸಿ ನೋಡುವುದು ಅವರ ಉದ್ದೇಶ. ಮುಂದಾಳು ಜರ್ಮನಿಯ ಕಾಟ್ರಿನ್ ಎಂಬಾಕೆ. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಜೂನ್‌ನಲ್ಲಿ ಬಂದು ನನಗೆ ಕೆಲಸ ಕಲಿಸಿ ಹೋದಳು. ಸಂಜೆ ಬಲೆ ಕಟ್ಟುವುದು, ಸಿಕ್ಕ ಬಾವಲಿಯನ್ನು ಬಟ್ಟೆಚೀಲದಲ್ಲಿಟ್ಟು ತೂಗುವುದು, ರೆಕ್ಕೆ ಅಳೆಯುವುದು, ಬಿಡುವಾಗ ಅದರ ಕೂಗನ್ನು ರೆಕಾರ್ಡ್ ಮಾಡುವುದು, ಅವು ಇರುವ ಜಾಗದಲ್ಲಿ ದಿನದಿನದ ಕೂಗನ್ನು ತಾನೇ ಹಿಡಿದಿಡುವ ರೆಕಾರ್ಡರ್ ಇಡುವುದು. ಕಾಟ್ರಿನ್ ಮತ್ತೆ ಮತ್ತೆ ಹೇಳಿದ್ದು ಮಾತ್ರ ಒಂದೇ: "ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡ. ಕಚ್ಚಿದರೆ ಅದೇ ದಿನ ನನಗೆ ತಿಳಿಸಬೇಕು." ಕೆಲಸಕ್ಕೆ ಮುಂಚೆಯೇ ನನಗೆ ರೇಬೀಸ್ ಚುಚ್ಚುಮದ್ದು ಕೊಡಿಸಿದ್ದರು.

ನಮ್ಮ ಮುಖ್ಯ ಜಾಗ ಒಂದು ಕೆರೆಯ ಹಳೇ ತೂಬು. ಯಳಂದೂರಿನಿಂದ ಹೊನ್ನೂರಿನ ಮೇಲೆ ಬೆಟ್ಟದ ಕಡೆ ಹೋದರೆ ಸಿಗುವ ಊರು ಅದು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಊಟಕ್ಕೆ ಕರೆಯುತ್ತಾರೆ. ಕೆರೆಗೆ ಹೊಸ ಗೇಟು ಬಂದ ಮೇಲೆ ಹಳೇ ತೂಬನ್ನು ಬಳಸದೆ ಬಿಟ್ಟಿದ್ದರು. ಏರಿಯ ಹೊಟ್ಟೆಯೊಳಗೆ ಕಲ್ಲು ಕಟ್ಟಿದ ಕಾಲುವೆ. ಗದ್ದೆಯ ಕಡೆ ಅದರ ಬಾಯಿ, ಕೆರೆಯ ಕಡೆ ಮೇಲಕ್ಕೆ ತೆರೆಯುವ ಸಣ್ಣ ಬಾವಿ. ಆ ಬಾವಿಯ ಮೇಲೆ ಚಪ್ಪಡಿ ಮುಚ್ಚಿತ್ತು. ಒಳಗೆ ಬಗ್ಗಿಕೊಂಡೇ ನಡೆಯಬೇಕು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ತಲೆಯ ಮೇಲೆ, ಕೈಗೆ ಎಟುಕುವ ಹಾಗೆ, ಸಾಲುಸಾಲು ಬಾವಲಿಗಳು.

ನನಗೆ ಜೊತೆಯಾಗಿ ಸಿಕ್ಕವರು ರಾಚಪ್ಪ. ಅರವತ್ತರ ಹತ್ತಿರದ ವಯಸ್ಸು. ಹಿಂದೆ ಆ ಕೆರೆಯ ನೀರುಗಂಟಿಯಾಗಿದ್ದವರು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಮನೆತನದ ಕೆಲಸ. ತೂಬಿನ ಒಂದೊಂದು ಕಲ್ಲೂ ಗೊತ್ತು. ಬೇಸಿಗೆಯಲ್ಲಿ ಒಳಗಿನ ಬಾವಲಿ ಹಿಕ್ಕೆಯನ್ನು ಗುಡಿಸಿ ತಂದು ಅರಿಸಿನದ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಬುಟ್ಟಿ ಹೊರುತ್ತಿದ್ದವಳು ಅವರ ಸೊಸೆ ಮಂಜುಳ. ಅವಳಿಗೆ ಬಾವಲಿ ಎಂದರೆ ಆಗದು. ತೂಬಿನ ಬಾಯಿಂದ ಹತ್ತು ಮಾರು ಈಚೆಗೇ ನಿಂತು, ಸೆರಗಿನಿಂದ ತಲೆ ಮುಚ್ಚಿಕೊಂಡು, "ಮಾವ, ಬಿರ್ನೆ ಬನ್ನಿ" ಎಂದು ಕೂಗುತ್ತಿದ್ದಳು.

ನಾನೂ ಧೈರ್ಯಸ್ಥೆಯೇನಲ್ಲ. ಮೊದಲ ದಿನ ಒಳಗೆ ಹೋದಾಗ ರೆಕ್ಕೆಯ ಗಾಳಿ ಕೆನ್ನೆಗೆ ತಾಗಿ ಉಸಿರು ಕಟ್ಟಿತ್ತು. ರಾಚಪ್ಪ ಹಿಂದಿನಿಂದ ಹೇಳಿದರು: "ಎದ್ರಬ್ಯಾಡಿ ಮೇಡಮ್ಮೋರೆ. ನಮ್ಮಪ್ಪನ ಕಾಲ್ದಿಂದೂ ಇಲ್ಲೇ ಅವ ಇವು. ಮೈಮ್ಯಾಲ ಬೀಳಕಿಲ್ಲ. ಅವುಕ್ಕೆ ನಿಮ್ಗಿಂತ ಚೆಂದಾಗಿ ದಾರಿ ಗೊತ್ತು."

ಸೆಪ್ಟೆಂಬರ್ ಮೊದಲ ವಾರದ ಒಂದು ಸಂಜೆ. ಜಡಿಮಳೆ ನಿಂತು ಮೋಡ ಇನ್ನೂ ಕವಿದಿತ್ತು. ಬಲೆಯಲ್ಲಿ ಒಂದು ಹೆಣ್ಣು ಬಾವಲಿ ಸುತ್ತಿಕೊಂಡಿತ್ತು. ದಪ್ಪ ಗ್ಲೌಸಿನಲ್ಲಿ ಎಳೆ ಬಿಡಿಸಲು ಆಗುತ್ತಿರಲಿಲ್ಲ, ಎಳೆದರೆ ರೆಕ್ಕೆ ಹರಿಯುತ್ತಿತ್ತು. ಬಲಗೈ ಗ್ಲೌಸ್ ತೆಗೆದೆ. ಬಿಡಿಸುವಷ್ಟರಲ್ಲಿ ಅದು ತೋರುಬೆರಳಿನ ತುದಿಗೆ ಕಚ್ಚಿತು. ಸೂಜಿ ಚುಚ್ಚಿದಷ್ಟು ನೋವು, ಎರಡು ಹನಿ ರಕ್ತ.

ರಾಚಪ್ಪ ಟಾರ್ಚ್ ಹಿಡಿದು ನೋಡಿದರು. "ರಕ್ತ ಬತ್ತಾ ಅದ" ಎಂದರು.

"ಯಾರಿಗೂ ಹೇಳ್ಬೇಡಿ ರಾಚಪ್ಪಣ್ಣ" ಎಂದೆ.

ಕಚ್ಚಿಸಿಕೊಂಡವರನ್ನು ಕೆಲಸದಿಂದ ದೂರ ಇಟ್ಟು, ವಿಚಾರಣೆ ಮುಗಿಯುವವರೆಗೆ ಬಲೆ ಕಟ್ಟುವುದನ್ನೇ ನಿಲ್ಲಿಸಬೇಕು ಎಂದು ನಿಯಮವಿತ್ತು. ಜನವರಿಯಲ್ಲಿ ಮೂರು ತಿಂಗಳು ಜರ್ಮನಿಗೆ ಹೋಗಿ ಧ್ವನಿ ವಿಶ್ಲೇಷಣೆ ಕಲಿಯುವ ಅವಕಾಶ ನನಗೆ ಸಿಕ್ಕಿತ್ತು. ಅದು ತಪ್ಪಿಹೋಗುತ್ತದೆ ಎಂದು ಹೆದರಿದೆ. ಸೋಪು ಹಾಕಿ ಕೈ ತೊಳೆದೆ. ಮಾರನೇ ಬೆಳಿಗ್ಗೆ ಕೊಳ್ಳೇಗಾಲದ ಒಂದು ಕ್ಲಿನಿಕ್ಕಿಗೆ ಹೋಗಿ, ನಾಯಿ ಕಚ್ಚಿತು ಎಂದು ಸುಳ್ಳು ಹೇಳಿ, ಕಚ್ಚಿದ ಮೇಲೆ ಬೇಕಾಗುವ ಚುಚ್ಚುಮದ್ದು ಹಾಕಿಸಿಕೊಂಡೆ. ಕಾಟ್ರಿನ್‌ಗೆ ಆ ದಿನದ ವರದಿಯಲ್ಲಿ 'ವಿಶೇಷವೇನಿಲ್ಲ' ಎಂದು ಬರೆದೆ.

ಅದಾದ ನಾಲ್ಕೈದು ದಿನಕ್ಕೆ ಕೇರಳದಲ್ಲಿ ಮತ್ತೆ ನಿಫಾ ಕಾಣಿಸಿಕೊಂಡಿದೆ ಎಂಬ ಸುದ್ದಿ ಬಂತು. ಟಿವಿಯಲ್ಲಿ ಹೊತ್ತು ಹೊತ್ತಿಗೂ ಬಾವಲಿಯ ಚಿತ್ರ. ನಿಫಾ ಬರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳಿಂದ, ಹುಳ ತಿನ್ನುವ ನಮ್ಮ ಪುಟ್ಟ ಬಾವಲಿಗಳಿಂದಲ್ಲ ಎಂದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಪಾಠವನ್ನೂ ಮಾಡಿದ್ದೆ. ಆದರೂ ಬೆರಳ ತುದಿಯ ಆ ಎರಡು ಚುಕ್ಕೆಗಳನ್ನು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಿದ್ದೆ. ಮಗಳಿಗೆ ಆಗ ಆರು ವರ್ಷ. ಅವಳಿಗೆ ನನ್ನ ಕೈಯಿಂದಲೇ ತುತ್ತು ಕೊಡಬೇಕು. ಚಮಚ ಹಿಡಿದಾಗ, "ಕೈಲಿ ಕೊಡಮ್ಮ" ಎಂದು ಹಟ ಮಾಡುತ್ತಿದ್ದಳು. ಗೊತ್ತಿರುವುದು ಬೇರೆ, ಹೆದರಿಕೆ ಬೇರೆ ಎಂಬುದನ್ನು ಆ ವಾರ ಕಲಿತೆ.

ಹಳ್ಳಿಯಲ್ಲೂ ಮಾತು ಬದಲಾಗಿತ್ತು. ನನ್ನ ಸ್ಕೂಟಿ ಕಂಡರೆ ಚಹಾ ಅಂಗಡಿಯ ಮುಂದೆ ಕೂತವರು ಸುಮ್ಮನಾಗುತ್ತಿದ್ದರು. ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು: "ಅಲ್ಲ ಕಣವ್ವ, ಆ ಬಿಳೀ ಎಂಗ್ಸು ಬಂದೋದ್ಳಲ್ಲ, ಬಾವ್ಲಿಗೆ ಏನಾರ ಚುಚ್ಬುಟ್ಟು ಓದ್ಳಾ?" ಇಲ್ಲ ತಾತ, ಬರೀ ಅವುಗಳ ಸದ್ದು ಕೇಳಿಸಿಕೊಳ್ಳುತ್ತೇವೆ ಎಂದೆ. "ಇಲ್ದೇ ಇರೋ ಸದ್ದ?" ಎಂದು ಅವರು ಪಕ್ಕದವರ ಮುಖ ನೋಡಿದರು. ಬಾವಲಿಯ ಕೂಗನ್ನು ನಮಗೆ ಕೇಳುವಂತೆ ಮಾಡುವ ಡಿಟೆಕ್ಟರ್ ಯಂತ್ರವನ್ನು ನಾನು ತೋರಿಸಿ ವಿವರಿಸಲು ಹೊರಟರೆ ಒಬ್ಬೊಬ್ಬರೇ ಎದ್ದು ಹೋದರು.

ಆ ವಾರದ ಕೊನೆಗೆ ಮಂಜುಳಳಿಗೆ ಜ್ವರ ಬಂತು. ವಿಪರೀತ ತಲೆನೋವು, ವಾಂತಿ. ಮೂರನೇ ದಿನ ಬಾಯಿಗೆ ಬಂದಂತೆ ಬಡಬಡಿಸತೊಡಗಿದಳಂತೆ. ರಾಚಪ್ಪ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಹಿಕ್ಕೆ ಬುಟ್ಟಿ ಹೊರುತ್ತಿದ್ದ ಹೆಂಗಸು ಎಂಬ ಮಾತು ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಅವಳನ್ನು ಬೇರೆ ಕೋಣೆಯಲ್ಲಿಟ್ಟರು. ಫೋನಿನಲ್ಲಿ ರಾಚಪ್ಪನ ದನಿಯೇ ಬದಲಾಗಿತ್ತು.

"ಮೇಡಮ್ಮೋರೆ, ದಿಟ ಯೋಳಿ. ಇದು ಬಾವ್ಲಿದಾ?"

"ಅಲ್ಲ ರಾಚಪ್ಪಣ್ಣ. ಆಗಿರಲಾರದು."

"ಆಗಿರಲಾರದು ಅಂದ್ರೆ? ಗೊತ್ತಾ, ಗೊತ್ತಿಲ್ವಾ?"

ಅದೇ ದಿನ ಮಧ್ಯಾಹ್ನ ನನಗೂ ಮೈ ಕಾವು ಏರಿತು.

ಮೊದಲು ಕಾಲಿನ ಮೀನಖಂಡ ಹಿಂಡಿದಂತೆ ನೋವು. ಆಮೇಲೆ ಚಳಿ. ಕನ್ನಡಿಯಲ್ಲಿ ಕಣ್ಣು ಕೆಂಪು ಕೆಂಪು. ಮಗಳು ಶಾಲೆಯಿಂದ ಬಂದು ಬಾಗಿಲು ತಟ್ಟುವ ಮುಂಚೆ ನಾನು ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದೆ. "ಅಮ್ಮ, ಬಾಗ್ಲು ತೆಗಿ" ಎಂದು ಅವಳು ಅಳುತ್ತಿದ್ದಳು. ಅತ್ತೆ ಬೈದರು: "ಏನೇ ಇದು ನಿನ್ನಾಟ, ಮಗು ಅಳ್ತದ ಕಣೇ." ಒಳಗಿನಿಂದಲೇ ಗಂಡನಿಗೆ ಫೋನ್ ಮಾಡಿದೆ. ಲೋಕೇಶ್ ಬಸ್ ಕಂಡಕ್ಟರ್. ಆ ಹೊತ್ತಿಗೆ ಹನೂರು ದಾಟಿ ಅಜ್ಜೀಪುರದ ಹತ್ತಿರ ಇದ್ದರು. ಕಚ್ಚಿದ್ದು, ಮುಚ್ಚಿಟ್ಟಿದ್ದು, ನಾಯಿಯ ಸುಳ್ಳು, ಎಲ್ಲ ಹೇಳಿದೆ.

"ಮಗುನ ಮುಟ್ಟಿದ್ಯಾ ಇವತ್ತು?" ಎಂದರು.

"ಬೆಳಿಗ್ಗೆ ತಲೆ ಬಾಚಿದೆ."

"ಆಯ್ತು. ನೀನು ಅಲ್ಲೇ ಇರು. ಬತ್ತೀನಿ."

ಮಂಜುಳ ಇದ್ದ ಆಸ್ಪತ್ರೆಗೇ ನನ್ನನ್ನೂ ಸೇರಿಸಿದರು. ಅಲ್ಲಿ ಯುವ ಡಾಕ್ಟರಮ್ಮ ಒಬ್ಬರಿದ್ದರು. ಅವರಿಗೂ ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿ ಹೇಳಿ ದಣಿದಿದ್ದೆನೋ, ಸಾಯುವ ಹೆದರಿಕೆಯೋ, ಹೇಳಿ ಮುಗಿಸಿದಾಗ ಮೈ ಹಗುರವಾಯಿತು. ಅದು ಒಂದು ಗಳಿಗೆಯ ಹಗುರ. ರಕ್ತ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ನನ್ನನ್ನು ಕೊನೆಯ ಕೋಣೆಯಲ್ಲಿಟ್ಟರು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. ಮೈಯೆಲ್ಲ ಮುಚ್ಚಿದ ಬಟ್ಟೆಯೊಳಗೆ ಬರುವವರ ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣುಗಳಲ್ಲಿ ಹೆದರಿಕೆ ಕಾಣುತ್ತಿತ್ತು. ಕಿಟಕಿಯಾಚೆ ಮಳೆ. ಯಾವುದಾದರೂ ಹೆಸರು ಮರೆಯುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಲು ನಾನು ಮಗಳ ಮಗ್ಗಿಪುಸ್ತಕವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹದಿಮೂರರ ಮಗ್ಗಿಯಲ್ಲಿ ತಪ್ಪಿದೆ. ಅದು ಚಿಕ್ಕಂದಿನಿಂದಲೂ ತಪ್ಪುತ್ತಿದ್ದದ್ದೇ. ಆದರೆ ಆವತ್ತು ಅಷ್ಟಕ್ಕೇ ದಿಂಬಿಗೆ ಮುಖ ಒತ್ತಿ ಅತ್ತೆ.

ಲೋಕೇಶ್‌ಗೆ ರಜೆ ಸಿಕ್ಕಿದ್ದು ಒಂದೇ ದಿನ. ಮರುದಿನ ಯಳಂದೂರಿನ ಬಸ್ಸಿಗೆ ಹಾಕಿದರು. ಆ ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರಂತೆ: "ಬಾವ್ಲಿ ಇಡಿಯೋ ಮೇಡಮ್ಮು ಸತ್ತೋಯ್ತಂತ ಕಣಕ್ಕ. ರಾಚಪ್ಪನ ಸೊಸೆನೂ ಇವತ್ತೋ ನಾಳೆಯೋ ಅಂತಾರ." ಲೋಕೇಶ್ ಅವರಿಗೆ ಟಿಕೆಟ್ ಕೊಟ್ಟು, ಹಿಂದಿನ ಸೀಟಿಗೆ ಹೋಗಿ ನಿಂತು ನನಗೆ ಫೋನ್ ಮಾಡಿದರು. ನಾನು "ಹಲೋ" ಅಂದೆ. ಅವರು ಏನೂ ಹೇಳದೆ ಇಟ್ಟುಬಿಟ್ಟರು. ನನ್ನ ದನಿ ಕೇಳಿದರೆ ಸಾಕಾಗಿತ್ತಂತೆ.

ಅದೇ ಮಾತು ಮೊಬೈಲ್ ಗುಂಪುಗಳಲ್ಲಿ ನನ್ನ ಫೋಟೋ ಸಮೇತ ಓಡಾಡುತ್ತಿತ್ತು. ಆ ಸಂಜೆ ಊರಿನ ಮೂವತ್ತು ನಲವತ್ತು ಜನ ಕೆರೆ ಏರಿಯ ಕೆಳಗೆ ಸೇರಿದರು. ತೂಬಿನ ಬಾಯಿಗೆ ಹುಲ್ಲು, ಹಳೇ ಟೈರು, ಎರಡು ಚೀಲ ಒಣಮೆಣಸಿನಕಾಯಿ ತುಂಬಿ ಬೆಂಕಿ ಇಟ್ಟರು. ಬಾವಲಿಗಳು ಇನ್ನೂ ಹುಳ ಹಿಡಿಯಲು ಹೊರಬೀಳದ ಹೊತ್ತನ್ನೇ ನೋಡಿ ಇಟ್ಟಿದ್ದರು.

ನನಗೆ ತಿಳಿದದ್ದು ಎರಡು ದಿನ ಬಿಟ್ಟು. ಅದೇ ದಿನ ವರದಿಯೂ ಬಂದಿತ್ತು. ಡಾಕ್ಟರಮ್ಮ ಮುಖಗವಸಿಲ್ಲದೆ ಒಳಗೆ ಬಂದರು. ಅದನ್ನು ಕಂಡೇ ನನಗೆ ಗೊತ್ತಾಯಿತು.

"ನಿಫಾ ಅಲ್ಲ ಕಣ್ರೀ. ಇಲಿಜ್ವರ. ನಿಂತ ನೀರಲ್ಲಿ ಓಡಾಡಿದ್ರಿಂದ ಬಂದಿರ್ಬೇಕು. ಔಷಧಿ ಶುರು ಮಾಡಿದೀವಲ್ಲ, ವಾಸಿಯಾಗತ್ತೆ."

"ಮಂಜುಳಂಗೆ?"

"ಅವ್ರದ್ದು ಡೆಂಗಿ. ಸೊಳ್ಳೆದು. ಈಗ ಗಂಜಿ ಕುಡೀತಿದಾರೆ."

ಬಾವಲಿಗಳಿಂದ ಬಂದದ್ದು ಏನೂ ಇರಲಿಲ್ಲ. ಲೋಕೇಶ್ ಮಂಚದ ಪಕ್ಕ ಕೂತು, ನನ್ನ ಕೈ ಹಿಡಿದುಕೊಂಡು, ತೂಬಿನ ವಿಷಯ ಹೇಳಿದರು. ನಾಲ್ಕು ದಿನಗಳ ಬಳಿಕ ಯಾರೋ ನನ್ನನ್ನು ಬರಿಗೈಯಲ್ಲಿ ಮುಟ್ಟಿದ್ದು ಅದೇ ಮೊದಲು. ಅಳು ಬಂತು. ಬದುಕಿದೆ ಎಂದು ಅತ್ತೆನೋ, ಅವು ಹೋದವು ಎಂದು ಅತ್ತೆನೋ, ಈಗಲೂ ಬಿಡಿಸಿ ಹೇಳಲಾರೆ. ನಾನು ಮೊದಲ ದಿನವೇ ನಿಜ ಬರೆದಿದ್ದರೆ ಬಲೆ ಕಟ್ಟುವುದು ನಿಲ್ಲುತ್ತಿತ್ತು, ನಾನು ಆ ನೀರಿಗೆ ಇಳಿಯುವುದೂ ನಿಲ್ಲುತ್ತಿತ್ತು. ನನಗೆ ಜ್ವರವೂ ಬರುತ್ತಿರಲಿಲ್ಲವೇನೋ, ಊರಿಗೆ ಆ ಭಯವೂ ಹತ್ತುತ್ತಿರಲಿಲ್ಲವೇನೋ.

ಅಕ್ಟೋಬರ್ ಕೊನೆಗೆ ಕಾಲಲ್ಲಿ ಶಕ್ತಿ ಬಂದಾಗ ಲೋಕೇಶ್ ಜೊತೆ ತೂಬಿಗೆ ಹೋದೆ. ಬಾಯಿಯ ಕಲ್ಲುಗಳು ಮಸಿ ಹಿಡಿದಿದ್ದವು. ಘಾಟು ಇನ್ನೂ ಇತ್ತು. ಒಳಗೆ ನೀರಿನ ಮೇಲೆ ಒಣಗಿದ ಎಲೆಗಳು ತೇಲುತ್ತಿವೆ ಎಂದುಕೊಂಡೆ. ಟಾರ್ಚ್ ಹಾಕಿದಾಗ ಎಲೆಗಳಾಗಿರಲಿಲ್ಲ. ಲೋಕೇಶ್ ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದರು. ಒಳಗಿನ ಗೂಡಿನಂಥ ಸಂದಿನಲ್ಲಿ, ಬಾವಿಯ ಕಡೆಗೆ, ನಾವಿಟ್ಟಿದ್ದ ರೆಕಾರ್ಡರ್ ಹಾಗೇ ಇತ್ತು. ಪ್ಲಾಸ್ಟಿಕ್ ಕಂದಿತ್ತು, ಕಾರ್ಡ್ ಕೆಟ್ಟಿರಲಿಲ್ಲ.

ಮನೆಯಲ್ಲಿ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮಗಳು ಶಾಲೆಗೆ ಹೋದ ಮೇಲೆ ಕಿವಿಗೆ ಹಾಕಿಕೊಂಡು ಕೂತೆ. ಬಾವಲಿಗಳ ಕೂಗು ನಮಗೆ ಕೇಳಬೇಕಾದರೆ ಇಪ್ಪತ್ತು ಪಟ್ಟು ನಿಧಾನಗೊಳಿಸಬೇಕು. ಆಗ ಅದು ಯಾವುದೋ ಸಣ್ಣ ಹಕ್ಕಿಯ ಸಿಳ್ಳಿನಂತೆ ಕೇಳುತ್ತದೆ. ಮೊದಲು ಎಂದಿನ ಸಂಜೆಯ ಸಿಳ್ಳುಗಳು, ಅಲ್ಲೊಂದು ಇಲ್ಲೊಂದು. ಆಮೇಲೆ ಒಮ್ಮೆಲೇ ಎಲ್ಲವೂ ಎದ್ದವು. ಸಿಳ್ಳುಗಳ ನಡುವೆ ಸಂದೇ ಉಳಿಯಲಿಲ್ಲ. ಮೂರು ದೇಶದವರು ಸೇರಿ ಕೇಳಿಸಿಕೊಳ್ಳಬೇಕೆಂದಿದ್ದ ಗದ್ದಲ ಇದೇ: ಅಷ್ಟೂ ಬಾವಲಿಗಳು ಒಟ್ಟಿಗೆ, ಒಂದೊಂದೂ ತನ್ನ ದಾರಿ ಹುಡುಕುತ್ತಾ. ಅದರ ಕೆಳಗೆ ಗುಡುಗಿನಂತೆ ಏನೋ ನರಳುತ್ತಿತ್ತು. ಆಮೇಲೆ ಹೊಳೆಯಿತು, ಅದು ಮನುಷ್ಯರ ದನಿ, ನಿಧಾನಗೊಂಡು ಹಾಗೆ ಕೇಳುತ್ತಿದೆ.

ವೇಗವನ್ನು ಸರಿಮಾಡಿ ಮತ್ತೆ ಹಾಕಿದೆ. ಈಗ ಬಾವಲಿಗಳ ಸದ್ದೇ ಇಲ್ಲ. ದೂರದಲ್ಲಿ ಜನರ ಕೂಗಾಟ. ಹತ್ತಿರದಲ್ಲಿ, ರೆಕಾರ್ಡರಿನ ಪಕ್ಕದಲ್ಲೇ ಎಂಬಂತೆ, ಕಲ್ಲು ಸರಿಯುವ ಸದ್ದು. ಯಾರೋ ಡಬ್ಬ ಬಡಿಯುತ್ತಿದ್ದರು. ಬಡಿಯುತ್ತಾ, ಕೆಮ್ಮುತ್ತಾ, ಅಳುದನಿಯಲ್ಲಿ ಹೇಳುತ್ತಿದ್ದರು: "ಓಗ್ರವ್ವಾ... ಇಂಗ್ ಓಗ್ರವ್ವಾ... ಇತ್ತಗ ದಾರಿ ಅದ... ಓಗ್ರೋ..."

ರಾಚಪ್ಪ.

ಕಾರ್ಡನ್ನು ಕೊಡಿ ಎಂದು ಬೆಂಗಳೂರಿನ ಸಂಸ್ಥೆಯವರು ಕೇಳುತ್ತಿದ್ದರು. ಅರಣ್ಯ ಇಲಾಖೆಗೆ ದೂರು ಕೊಡಲು ಸಾಕ್ಷಿ ಬೇಕಿತ್ತು. ಅದರಲ್ಲಿ ಒಂದಲ್ಲ, ನಾಲ್ಕೈದು ದನಿಗಳನ್ನು ನಾನು ಗುರುತಿಸಬಲ್ಲೆ. ಕೊಟ್ಟರೆ ಆ ಊರಿಗೆ ಮತ್ತೆ ಕಾಲಿಡಲಾರೆ. ಕೊಡದಿದ್ದರೆ ಇನ್ನೊಂದು ಸುಳ್ಳು. ನಾಲ್ಕು ದಿನ ಯೋಚಿಸಿ ಮೊದಲು ರಾಚಪ್ಪನ ಬಳಿಗೆ ಹೋದೆ. ಅವರು ಅರಿಸಿನದ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಹತ್ತಿರ ಬರಲಿಲ್ಲ.

"ನಾನೇ ಅಚ್ಚಿದ್ದು ಕಣವ್ವ" ಎಂದರು, ನಾನು ಕೇಳುವ ಮುಂಚೆಯೇ. "ಬೆಂಕಿ ಕಡ್ಡಿ ಗೀರ್ದೋನು ನಾನೇಯ. ಕಂಪ್ಲೇಂಟ್ ಕೊಟ್ಬುಡಿ."

"ಮತ್ತೆ ಚಪ್ಪಡಿ ಯಾಕೆ ಸರಿಸಿದ್ರಿ? ಡಬ್ಬ ಯಾಕೆ ಬಡಿದ್ರಿ?"

ಅವರು ಬೆಚ್ಚಿಬಿದ್ದು ನೋಡಿದರು. ಯಂತ್ರ ಕೇಳಿಸಿಕೊಂಡಿತ್ತು ಎಂದೆ. ಅವರು ಬದುವಿನ ಮೇಲೆ ಕುಸಿದು ಕೂತರು.

"ಅವ್ರು ಪೆಟ್ರೋಲ್ ತಕಂಡು ಬಂದಿದ್ರು. ತೂಬು ನಂಗ್ ಗೊತ್ತು, ನಾನೇ ಆಕ್ತೀನಿ ಬುಡಿ ಅಂದೆ. ನನ್ ಸೊಸೆ ಅಲ್ಲಿ ಬಡಬಡುಸ್ತಾ ಮನಗವ್ಳೆ. ನೀವೂ ಸತ್ತೋದ್ರಿ ಅಂದ್ರು. ನನ್ ಒಟ್ಟೆಲೂ ಬೆಂಕಿ ಬಿದ್ದಿತ್ತು ಕಣವ್ವ, ಸುಳ್ಳ್ಯಾಕ್ ಯೋಳ್ಲಿ? ಸಾಯ್ಲಿ ಅಂತ್ಲೇ ಕಡ್ಡಿ ಗೀರ್ದೆ. ಒಗೆ ಎದ್ದೇಟ್ಗೆ ತಡೀನಾರ್ದೆ ಏರಿ ಅತ್ತಿ ಓಡ್ದೆ. ಚಪ್ಪಡಿ ಜರುಗುಸ್ದೆ. ಒಸಿ ಓದೊ. ಬಾಳ ಓಗ್ನಿಲ್ಲ."

ನಾನೂ ಬದುವಿನ ಮೇಲೆ ಕೂತೆ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. "ಕಚ್ಚಿದ್ದನ್ನ ಯಾರಿಗೂ ಹೇಳ್ಬೇಡಿ ಅಂದಿದ್ದೆ. ನೀವು ಹೇಳಿದ್ರಾ?" ಎಂದು ಕೇಳಿದೆ. "ಇಲ್ಲ ಕಣವ್ವ. ಮಾತ್ ಕೊಟ್ಟಿದ್ನಲ್ಲ" ಎಂದರು. ಸೊಸೆಯ ಪಕ್ಕ ಆಸ್ಪತ್ರೆಯಲ್ಲಿ ಕೂತಾಗಲೂ ಅವರು ಆ ಮಾತನ್ನು ಬಿಟ್ಟುಕೊಟ್ಟಿರಲಿಲ್ಲ.

ನವೆಂಬರ್‌ನಲ್ಲಿ ಕಾಟ್ರಿನ್ ಬಂದಳು. ನಮ್ಮ ಮನೆಯ ಚಾಪೆಯ ಮೇಲೆ ಕೂತು ರೆಕಾರ್ಡಿಂಗನ್ನು ಪೂರ್ತಿ ಕೇಳಿದಳು. ಮೊದಲು ನಿಧಾನಗೊಳಿಸಿ, ಆಮೇಲೆ ಹಾಗೇ. ಮುದುಕನ ದನಿ ಬಂದಾಗ ನಿಲ್ಲಿಸಿ, ಏನು ಹೇಳುತ್ತಿದ್ದಾನೆ ಎಂದಳು. ಇಂಗ್ಲಿಷಿನಲ್ಲಿ ಒಂದೊಂದೇ ಮಾತಾಗಿ ಹೇಳಿದೆ. ಆಮೇಲೆ ನನ್ನ ಬೆರಳಿನ ವಿಷಯವನ್ನೂ ಹೇಳಿದೆ. ಫೋನಿನಲ್ಲಿ ಹೇಳಬಹುದಿತ್ತು, ಮುಖ ನೋಡಿಯೇ ಹೇಳಬೇಕೆಂದು ಕಾದಿದ್ದೆ.

ಅವಳು ನನ್ನ ಬಲಗೈ ಎಳೆದುಕೊಂಡು ಬೆರಳಿನ ತುದಿ ನೋಡಿದಳು. "ನೀನು ಸತ್ತಿದ್ದರೆ ನಿನ್ನ ಮಗಳಿಗೆ ನಾನು ಏನು ಹೇಳಬೇಕಿತ್ತು?" ಎಂದಳು. ಅದು ಬೈಗುಳವಲ್ಲ, ನಿಜವಾದ ಪ್ರಶ್ನೆ. ಆಮೇಲೆ ಒಂದೊಂದಾಗಿ ತೀರ್ಮಾನ ಹೇಳಿದಳು. ಕಚ್ಚಿದ್ದು, ಮುಚ್ಚಿಟ್ಟದ್ದು ಎಲ್ಲವನ್ನೂ ನನ್ನ ಹೆಸರು ಹಾಕಿ ಬರೆದುಕೊಡಬೇಕು. ಒಂದು ವರ್ಷ ಬಾವಲಿ ಮುಟ್ಟುವಂತಿಲ್ಲ. ಜರ್ಮನಿ ಪ್ರಯಾಣ ರದ್ದು. ರೆಕಾರ್ಡಿಂಗಿನಲ್ಲಿ ಮನುಷ್ಯರ ಮಾತು ಬಂದರೆ ಅಳಿಸಬೇಕೆಂಬುದು ಮೊದಲಿನಿಂದಲೂ ಇರುವ ನಿಯಮ, ಅದು ಇದಕ್ಕೂ ಅನ್ವಯ. ಬೆಂಗಳೂರಿನವರಿಗೆ ಅವಳೇ ಹೇಳಿದಳು: "ದೂರು ಕೊಡುವುದಾದರೆ ನಮ್ಮ ತಪ್ಪನ್ನೂ ಸೇರಿಸಿ ಕೊಡಿ." ಅವರು ಕೊಡಲಿಲ್ಲ.

ಮಾತುಗಳನ್ನು ನಾನೇ ಅಳಿಸಿದೆ. ರಾಚಪ್ಪನ ದನಿಯ ಜಾಗದಲ್ಲಿ ಈಗ ಬರೀ ಮೌನವಿದೆ.

ಕಾಟ್ರಿನ್ ಹೊರಡುವ ಮುನ್ನ ಊರಿನಲ್ಲಿ ಒಂದು ಸಭೆ ಸೇರಿಸಿದೆವು. ನಾನೇ ಎದ್ದು ನಿಂತೆ. ನನಗೆ ಬಂದದ್ದು ಇಲಿಜ್ವರ, ಮಂಜುಳಳಿಗೆ ಬಂದದ್ದು ಡೆಂಗಿ, ನಾನು ಕಚ್ಚಿಸಿಕೊಂಡು ಮುಚ್ಚಿಟ್ಟಿದ್ದೆ, ತಪ್ಪು ನನ್ನದು ಎಂದೆ. ಯಾರೂ ಬೈಯಲಿಲ್ಲ. ಚಹಾ ಅಂಗಡಿಯ ಆ ಹಿರಿಯರು ತಲೆ ತಗ್ಗಿಸಿಕೊಂಡು, "ಸೊಳ್ಳೆ ತಿನ್ನೋವ್ನೇ ಸುಟ್ಬುಟ್ವಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತೂಬಿನ ಮುಂದೆ ಮೂರು ಸಂಜೆ ಡಿಟೆಕ್ಟರ್ ಹಿಡಿದು ನಿಂತೆವು. ಒಂದು ಸದ್ದೂ ಬರಲಿಲ್ಲ. ಕಾಟ್ರಿನ್ ಪುಸ್ತಕದಲ್ಲಿ ಮೂರು ಸಲ ಸೊನ್ನೆ ಬರೆದು ತನ್ನ ದೇಶಕ್ಕೆ ಹೊರಟಳು.

ಡಿಸೆಂಬರ್‌ನ ಒಂದು ಸಂಜೆ, ಲೆಕ್ಕಕ್ಕೆ ಬೇಕಿದ್ದ ಯಾವುದೋ ಸಹಿಗೆಂದು ರಾಚಪ್ಪನ ಮನೆಗೆ ಹೋಗಿದ್ದೆ. ಅವರಿರಲಿಲ್ಲ. ಮಂಜುಳ ನನ್ನನ್ನು ಒಳಗೆ ಕರೆಯಲಿಲ್ಲ. ಬೀದಿಯ ಎರಡೂ ಕಡೆ ನೋಡಿ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಜ್ವರದಿಂದ ಬಡವಾಗಿದ್ದಳು, ಕೂದಲು ಉದುರಿತ್ತು. ಹಿತ್ತಲಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಹಳೇ ಮನೆ. ಹಿಪ್ಪುನೇರಳೆ ತೆಗೆದು ಅರಿಸಿನ ಹಾಕಿದ ಮೇಲೆ ಅದನ್ನು ಬಳಸುತ್ತಿರಲಿಲ್ಲ. ಕಿಟಕಿಗೆಲ್ಲ ಗೋಣಿ ಕಟ್ಟಿತ್ತು. ಬಾಗಿಲ ಮೇಲಿನ ಒಂದು ಹಲಗೆ ಮಾತ್ರ ಕಿತ್ತಿತ್ತು.

ಅವಳು ಬಾಗಿಲನ್ನು ಒಂದು ಗೇಣು ತೆರೆದು, ತಾನು ಹಿಂದೆ ಸರಿದಳು. "ನೋಡಿ ಅಕ್ಕ. ನಂಗ್ ಒಳೀಕ್ ಓಗಕಾಗಲ್ಲ."

ಟಾರ್ಚನ್ನು ಬೆರಳಿನಿಂದ ಮರೆಮಾಡಿ ಬೆಳಕು ಬಿಟ್ಟೆ. ತೊಲೆಯ ಉದ್ದಕ್ಕೂ ತೂಗಾಡುತ್ತಿದ್ದವು. ಎಲೆಮೂಗಿನವು. ಇಪ್ಪತ್ತೋ ಮೂವತ್ತೋ. ಒಂದರ ರೆಕ್ಕೆಯ ಅಂಚು ಸುಟ್ಟು ಮುದುರಿತ್ತು.

"ಯಾವಾಗಿಂದ?" ಎಂದೆ.

"ನಾನು ಆಸ್ಪತ್ರೆಯಿಂದ ಬಂದ ದಿನಾನೇ ಕಂಡೆ. ಕಿರುಚ್ಕಬೇಕು ಅಂದ್ಕಂಡೆ. ಆಮ್ಯಾಲ ಸುಮ್ನಾದೆ. ಮಾವಂಗೂ ಯೋಳಿಲ್ಲ. ಯೋಳುದ್ರೆ ಎಂಗೋ ಊರ್ಗೆ ಗೊತ್ತಾಯ್ತದ." ಅವಳು ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. "ಅಲ್ಲಿ ಆ ರೂಮಲ್ಲಿ ಮನಗಿದ್ನಲ್ಲ ಅಕ್ಕ, ನನ್ ತಾಯಿನೂ ಬಾಗ್ಲಲ್ಲೇ ನಿಂತ್ಕಂಡ್ಲು. ಒಳೀಕ್ ಬರ್ನಿಲ್ಲ. ಅದು ಎಂಗಿರ್ತದ ಅಂತ ನಂಗ್ ಗೊತ್ತು."

ನನಗೂ ಗೊತ್ತಿತ್ತು. ಅವಳ ಕೈ ಹಿಡಿದುಕೊಂಡೆ. ಹೊತ್ತು ಮುಳುಗುತ್ತಿತ್ತು. ಮೊದಲನೆಯದು ಹಲಗೆಯ ಸಂದಿನಿಂದ ಹೊರಬಿದ್ದಾಗ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದೆವು. ಅದು ನಮ್ಮ ನಡುವಿನ ಸಂದಿನಲ್ಲೇ, ಯಾರನ್ನೂ ತಾಗದೆ ಹಾದುಹೋಯಿತು. ಮಂಜುಳಳ ಉಗುರು ನನ್ನ ಅಂಗೈಗೆ ಒತ್ತುತ್ತಿತ್ತು.

"ಕಚ್ತವಾ ಅಕ್ಕ?" ಎಂದಳು ಮೆಲ್ಲಗೆ.

"ಹಿಡ್ಕೊಂಡ್ರೆ ಕಚ್ತವೆ."

ಇನ್ನೊಂದು ಹೊರಬಿತ್ತು. ಅದರ ಹಿಂದೆ ಮತ್ತೊಂದು. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಇಡ್ಕಳಕಿಲ್ಲ ಬುಡಿ."